ಬಣ್ಣ ಹೋಯಿತು, ಉಪ್ಪು ಹೋಗಲಿಲ್ಲ: ತೆಂಗಿನ ಚಿಪ್ಪಿನ ಇದ್ದಿಲಿನ ಫಿಲ್ಟರ್

ನಮ್ಮದು ಬೆಟಗೇರಿ. ಹಿತ್ತಲಲ್ಲೇ ಸೀರೆ ನೂಲಿಗೆ ಬಣ್ಣ ಹಾಕುತ್ತೇವೆ. ಕೆಂಪು ಲಡಿ ತೊಳೆದ ದಿನ ಓಣಿಯ ಗಟಾರವೆಲ್ಲ ಕೆಂಪು. ಎದುರುಮನೆ ಅಜ್ಜಿ "ಏನವಾ, ಕುರಿ ಕಡದೀರೇನು?" ಅಂದಳು. ನಾಚಿಕೆಯಾಗಿ ಹುಬ್ಬಳ್ಳಿಯ ಒಂದು ಅಂಗಡಿಯಿಂದ ಈ ಫಿಲ್ಟರ್ ತರಿಸಿದೆ.

200 ಲೀಟರಿನ ನೀಲಿ ಡ್ರಮ್ಮು. ತಳಕ್ಕೆ ಜಲ್ಲಿ, ಅದರ ಮೇಲೆ ಮರಳು, ಮೇಲೆ 25 ಕೆಜಿ ಆಕ್ಟಿವೇಟೆಡ್ ಕಾರ್ಬನ್. ಬುಡಕ್ಕೊಂದು ನಲ್ಲಿ, ಅಷ್ಟೇ. ಎಲ್ಲ ಸೇರಿ 9 ಸಾವಿರ. ನೋಡಿದರೆ ಒಲೆಯ ಇದ್ದಿಲೇ. ಆದರೆ ಚಿಪ್ಪು ಸುಟ್ಟ ಮೇಲೆ 800-900 ಡಿಗ್ರಿ ಬಿಸಿಯಲ್ಲಿ ಹಬೆ ಹಾಯಿಸಿರುತ್ತಾರೆ. ಆಗ ಕಣ್ಣಿಗೆ ಕಾಣದ ತೂತುಗಳು ಬೀಳುತ್ತವೆ. ಒಂದು ಗ್ರಾಂ ಇದ್ದಿಲಿನ ಒಳಮೈ ಬಿಡಿಸಿ ಹಾಸಿದರೆ ಹತ್ತಿರ ಹತ್ತಿರ 1000 ಚದರ ಮೀಟರ್! ಬಣ್ಣ ಅಲ್ಲಿ ಹೋಗಿ ಅಂಟಿಕೊಳ್ಳುತ್ತದೆ. ಇದಕ್ಕೂ ಮೊದಲು ನಾನೇ ಶೇಂಗಾ ಹೊಟ್ಟು ಸುಟ್ಟು ಪುಕ್ಕಟೆ ಮಾಡಿ ನೋಡಿದ್ದೆ. ಬಣ್ಣ ತೆಳುವಾಯಿತು, ಹೋಗಲಿಲ್ಲ.

ಮೊದಲ ದಿನ ನಲ್ಲಿ ತಿರುಗಿಸಿದರೆ ಕಾಡಿಗೆಯಂಥ ನೀರು. ಗಾಬರಿಯಾಗಬೇಡಿ, ಅದು ಇದ್ದಿಲ ಪುಡಿ. ಎಂಟು ಕೊಡ ಸುಮ್ನೆ ನೀರು ಹಾಯಿಸಿದ ಮೇಲೆ ತಿಳಿಯಾಯಿತು. ಆಮೇಲೆ ಬಣ್ಣದ ನೀರು ಸುರಿದೆ. ಗುಲಾಬಿಯಾಗಿ ಇಳಿಯಿತು. ನಾವು ಹಾಕುವ ರಿಯಾಕ್ಟಿವ್ ಬಣ್ಣಕ್ಕೆ (ನೂಲಿನ ಜೊತೆ ಬೆಸೆದುಕೊಳ್ಳುವ ಬಣ್ಣ) ಉಪ್ಪೂ ಬೇಕು, ಸೋಡಾನೂ ಬೇಕು, ಆದರೆ ನೀರಲ್ಲಿ ಸೋಡಾ ಜಾಸ್ತಿ ಉಳಿದರೆ ಇದ್ದಿಲು ಬಣ್ಣ ಹಿಡಿಯುವುದು ಕಡಿಮೆ. ನೀರು ಹುಳಿಯೋ ಕ್ಷಾರವೋ ಅಂತ ತೋರಿಸುವ ಪಿಎಚ್ ಕಾಗದ 11 ತೋರಿಸುತ್ತಿತ್ತು, ಅಂದರೆ ಕ್ಷಾರ ಜಾಸ್ತಿ; ಎರಡೂ ಅಲ್ಲದ್ದು 7. ವಿನೆಗರ್ ಹಾಕಿ 7ಕ್ಕೆ ಇಳಿಸಿದೆ, ನಲ್ಲಿಯನ್ನು ದಾರದಷ್ಟೇ ಸುರಿಯುವ ಹಾಗೆ ತಿರುವಿದೆ. ಈ ಸಲ ಗಾಜಿನ ಲೋಟದ ಆಚೆ ಗೋಡೆಯ ಕ್ಯಾಲೆಂಡರಿನ ತಾರೀಖು ಕಂಡಿತು. ಇದನ್ನೆಲ್ಲ ಅಂಗಡಿಯವರೇ ಹೇಳಬೇಕಿತ್ತು, ಅಲ್ವಾ?

ಅವರು ಹೇಳಿದ್ದು ಬೇರೆ. "ಉಪ್ಪೂ ಹೋಗ್ತೈತ್ರೀ ಅಕ್ಕಾರ." ಎಲ್ಲಿ ಹೋಗುತ್ತದೆ? ನೀರಲ್ಲಿ ಕರಗಿದ ಉಪ್ಪನ್ನು ಇದ್ದಿಲು ಹಿಡಿಯುವುದೇ ಇಲ್ಲ. ನೀರಲ್ಲಿ ಕರಗಿದ ಉಪ್ಪನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಮೇಲಿನ ನೀರಿಗೂ ಕೆಳಗಿನ ನೀರಿಗೂ ಹೆಚ್ಚುಕಡಿಮೆ ಒಂದೇ ಲೆಕ್ಕ. ಅಷ್ಟರಲ್ಲಿ ಅವರ ಮಾತು ನಂಬಿ ಎರಡು ವಾರ ಈ ನೀರನ್ನು ಕರಿಬೇವಿಗೆ ಹಾಕಿಬಿಟ್ಟಿದ್ದೆ. ಎಲೆಯ ಅಂಚೆಲ್ಲ ಕಂದಿ ಒಣಗಿತು. ಗಿಡಕ್ಕೆ ಮಾತ್ರ ಹಾಕಬೇಡಿ.

ಮೂರನೇ ತಿಂಗಳು ಗುಲಾಬಿ ಮತ್ತೆ ಇಣುಕಿತು. ಇದ್ದಿಲು ತುಂಬಿತು ಅಂತ ಅರ್ಥ. ಹೊಸ ಚೀಲ ತಂದೆ. ಹಳೆಯದರಲ್ಲಿ ಬಣ್ಣವೆಲ್ಲ ಕೂತಿದೆ, ಹೊಲಕ್ಕೆ ಸುರಿಯುವ ಹಾಗಿಲ್ಲ. ವಾಪಸ್ ಒಯ್ಯುತ್ತೇವೆ ಎಂದೇ ಮಾರಿದ್ದರು. ಹಳೆ ಇದ್ದಿಲಿನ ಎರಡು ಚೀಲ ಇನ್ನೂ ಮಗ್ಗದ ಪಕ್ಕ ಕೂತಿವೆ. ಫೋನ್ ಮಾಡಿದಾಗಲೆಲ್ಲ "ಸೋಮವಾರ ಬರ್ತೇವ್ರೀ."

ಇದ್ದಿಲಿಗೆ 5ಕ್ಕೆ 4. ಅಂಗಡಿಗೆ 1.