ಜಿನೀವಾಕ್ಕೆ ವಾರಾಂತ್ಯ ಹೊರಡುವ ಮುಂಚೆ ಪಾಸ್‌ಪೋರ್ಟ್ ತೆರೆದು ನೋಡಿ

ಫ್ರಾನ್ಸ್‌ನ ಲಿಯೋನ್‌ನಲ್ಲಿ ಬೆಳಿಗ್ಗೆ ಟಿಇಆರ್ ಅನ್ನುವ ಪ್ರಾದೇಶಿಕ ರೈಲು ಹತ್ತಿದರೆ ಎರಡು ಗಂಟೆಯಲ್ಲಿ ಸ್ವಿಟ್ಜರ್‌ಲೆಂಡ್‌ನ ಜಿನೀವಾ. ದಾರಿಯಲ್ಲಿ ಗಡಿ ಎಲ್ಲಿ ದಾಟಿತು ಅಂತಲೂ ತಿಳಿಯುವುದಿಲ್ಲ. ಫ್ರಾನ್ಸ್‌ಗೆ ಹೊಸದಾಗಿ ಓದಲು ಬಂದವರು ಎಡವುವುದೇ ಅಲ್ಲಿ.

ಸೆಪ್ಟೆಂಬರ್‌ನಲ್ಲಿ ಬಂದ ವಿದ್ಯಾರ್ಥಿಯೊಬ್ಬ ಜನವರಿಯ ಒಂದು ಶನಿವಾರ ಹೀಗೇ ಹೋಗಿ, ಭಾನುವಾರ ಸಂಜೆ ವಾಪಸು ಬರುವಾಗ ತಪಾಸಣೆಗೆ ಸಿಕ್ಕಿದ. ಪಾಸ್‌ಪೋರ್ಟ್ ರೂಮಿನಲ್ಲಿತ್ತು, ಕೈಯಲ್ಲಿದ್ದದ್ದು ಮೊಬೈಲಿನ ಫೋಟೊ. ಫೋಟೊವನ್ನು ಒಪ್ಪಲಿಲ್ಲ. ವಿವರ ಹಾಕಿ ನೋಡಿದಾಗ ಅದಕ್ಕಿಂತ ದೊಡ್ಡ ಸಮಸ್ಯೆ ಹೊರಬಿತ್ತು: ವೀಸಾ ವ್ಯಾಲಿಡೇಟ್ ಆಗಿಯೇ ಇರಲಿಲ್ಲ. ಗಂಟೆಗಟ್ಟಲೆ ಕೂರಿಸಿದರು, ರೈಲು ಹೋಯಿತು, ಸೋಮವಾರದ ಪರೀಕ್ಷೆ ತಪ್ಪಿತು. ನೂರು ಯೂರೊ ಒಳಗೆ ಮುಗಿಯಬೇಕಿದ್ದ ಪ್ರವಾಸ ಓದಿನ ಬುಡಕ್ಕೇ ಬಂದಿತ್ತು.

ವ್ಯಾಲಿಡೇಶನ್ ವಿಷಯ ಮೊದಲು. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಸಿಗುವುದು ವಿಎಲ್‌ಎಸ್-ಟಿಎಸ್, ಅಂದರೆ ವಾಸದ ಪರವಾನಗಿಯಾಗಿಯೂ ನಡೆಯುವ ದೀರ್ಘಾವಧಿ ವೀಸಾ. ಪಾಸ್‌ಪೋರ್ಟ್‌ನಲ್ಲಿ ಅದನ್ನು ಅಂಟಿಸಿದ್ದಾರೆ ಅಂದಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಫ್ರಾನ್ಸ್‌ಗೆ ಬಂದ 3 ತಿಂಗಳೊಳಗೆ ಗೃಹ ಸಚಿವಾಲಯದ ವಿದೇಶಿಯರ ಪೋರ್ಟಲ್‌ನಲ್ಲಿ ವೀಸಾ ಸಂಖ್ಯೆ, ಬಂದ ದಿನಾಂಕ, ವಿಳಾಸ ತುಂಬಿ, ಶುಲ್ಕ ಕಟ್ಟಿ ಅದನ್ನು ಊರ್ಜಿತ ಮಾಡಿಕೊಳ್ಳಬೇಕು. ಕೊನೆಗೆ ಒಂದು ದೃಢೀಕರಣ ಪತ್ರ ಬರುತ್ತದೆ. ಅದನ್ನು ಪ್ರಿಂಟ್ ತೆಗೆದು ಪಾಸ್‌ಪೋರ್ಟ್ ಜೊತೆಗೇ ಇಡಿ. ಗಡುವು ಮೀರಿದರೆ ನಿಮ್ಮ ವಾಸವೇ ಅಕ್ರಮ ಅಂತ ಲೆಕ್ಕ, ಮುಕ್ತ ಓಡಾಟಕ್ಕೆ ಒಪ್ಪಿಕೊಂಡ ಯುರೋಪ್ ದೇಶಗಳ ಗುಂಪಾದ ಷೆಂಗೆನ್‌ನಿಂದ ಹೊರಗೆ ಹೋದರೆ ಆ ವೀಸಾ ತೋರಿಸಿ ಒಳಗೆ ಬರಲಾಗದು. ಮನೆ ಹುಡುಕಾಟ, ಬ್ಯಾಂಕ್ ಖಾತೆ, ತರಗತಿ ಅಂತ ಓಡಾಡುವಷ್ಟರಲ್ಲಿ 3 ತಿಂಗಳು ಕಳೆದೇಹೋಗುತ್ತದೆ. ಆದ್ದರಿಂದ ಬಂದ ಮೊದಲ ವಾರದಲ್ಲೇ ಮುಗಿಸಿಬಿಡಿ. ವಿಳಾಸ ಬದಲಾದರೆ ಆಮೇಲೆ ತಿದ್ದಿಕೊಳ್ಳಬಹುದು.

ವ್ಯಾಲಿಡೇಟ್ ಆದ ವೀಸಾದಲ್ಲಿ ಉಳಿದ ಷೆಂಗೆನ್ ದೇಶಗಳಿಗೆ ಯಾವುದೇ 180 ದಿನಗಳಲ್ಲಿ 90 ದಿನ ಹೋಗಿಬರಬಹುದು. ಸ್ವಿಟ್ಜರ್‌ಲೆಂಡ್ ಷೆಂಗೆನ್‌ನಲ್ಲಿದೆ, ಲಂಡನ್ ಇಲ್ಲ. ಪ್ಯಾರಿಸ್‌ನಿಂದ ಲಂಡನ್‌ಗೆ ಅಗ್ಗದ ಬಸ್ ಕಂಡ ಕೂಡಲೇ ಟಿಕೆಟ್ ತೆಗೆಯಬೇಡಿ; ಭಾರತೀಯ ಪಾಸ್‌ಪೋರ್ಟ್‌ಗೆ ಬ್ರಿಟನ್ ವೀಸಾ ಬೇರೆ ಬೇಕು.

ಷೆಂಗೆನ್ ಅಂದರೆ ತಪಾಸಣೆ ಇಲ್ಲ ಅನ್ನುವ ನಂಬಿಕೆ ತಪ್ಪು. ಫ್ರಾನ್ಸ್ 2015ರ ನವೆಂಬರ್‌ನಿಂದ ಷೆಂಗೆನ್ ದೇಶಗಳ ಜೊತೆಗಿನ ತನ್ನ ಗಡಿಗಳಲ್ಲಿ ತಪಾಸಣೆ ಮತ್ತೆ ಶುರು ಮಾಡಿದೆ. ಇಟಲಿಯ ವೆಂಟಿಮಿಲಿಯಾದಿಂದ ನೀಸ್ ಕಡೆ ಬರುವ ರೈಲುಗಳಿಗೆ ಪೊಲೀಸರು ಮಾಂತಾನ್ ಬಳಿ ಹತ್ತುವುದು ಮಾಮೂಲು. ವಿದೇಶಿಯರು ಕೇಳಿದಾಗ ವಾಸದ ಹಕ್ಕಿನ ಮೂಲ ದಾಖಲೆ ತೋರಿಸಬೇಕು ಅನ್ನುವುದು ಫ್ರಾನ್ಸ್ ಕಾನೂನು. ತೋರಿಸಲಾಗದಿದ್ದರೆ ಪರಿಶೀಲನೆಗೆ 24 ಗಂಟೆಯವರೆಗೆ ಇಟ್ಟುಕೊಳ್ಳುವ ಅಧಿಕಾರ ಪೊಲೀಸರಿಗಿದೆ. ಕಾಲೇಜಿನ ಕಾರ್ಡು ಇಲ್ಲಿ ಕೆಲಸಕ್ಕೆ ಬಾರದು. ಗಡಿ ದಾಟುವ ಬಸ್ಸುಗಳಲ್ಲಂತೂ ಹತ್ತುವಾಗಲೇ ಪಾಸ್‌ಪೋರ್ಟ್ ಕೇಳುತ್ತಾರೆ.

ವೀಸಾ ನವೀಕರಣಕ್ಕೆ ಹಾಕಿ ಕೈಯಲ್ಲಿ ಬರೀ ರಸೀದಿ ಇರುವ ತಿಂಗಳುಗಳಲ್ಲಿ ಗಡಿ ಪ್ರವಾಸ ಬೇಡ. ಎಲ್ಲ ರಸೀದಿಯೂ ಗಡಿಯಲ್ಲಿ ಒಂದೇ ರೀತಿ ನಡೆಯುವುದಿಲ್ಲ. ಆ ಅವಧಿಯಲ್ಲಿ ಆನ್ನೆಸಿ, ಶಾಮೋನಿ ನೋಡಿ. ಅವು ಫ್ರಾನ್ಸ್‌ನಲ್ಲೇ ಇವೆ, ಸೊಗಸಾಗಿಯೂ ಇವೆ.

ಸ್ವಿಟ್ಜರ್‌ಲೆಂಡ್ ಷೆಂಗೆನ್‌ನಲ್ಲಿದ್ದರೂ ಯುರೋಪಿಯನ್ ಒಕ್ಕೂಟದಲ್ಲಿಲ್ಲ. ಜೇಬಿಗೆ ಕತ್ತರಿ ಬೀಳುವುದು ಈ ವ್ಯತ್ಯಾಸದಿಂದ. ಫ್ರೆಂಚ್ ಸಿಮ್‌ನ ಯುರೋಪ್ ರೋಮಿಂಗ್ ಹಲವು ಪ್ಲಾನ್‌ಗಳಲ್ಲಿ ಸ್ವಿಟ್ಜರ್‌ಲೆಂಡ್‌ಗೆ ಅನ್ವಯಿಸುವುದಿಲ್ಲ, ಡೇಟಾ ಬಿಲ್ ಬೇರೆ ಬರುತ್ತದೆ. ಎವಿಯಾನ್, ಆನ್ಮಾಸ್‌ನಂಥ ಗಡಿ ಊರುಗಳಲ್ಲಿ ನೀವು ಫ್ರಾನ್ಸ್‌ನಲ್ಲೇ ನಿಂತಿದ್ದರೂ ಫೋನ್ ಸ್ವಿಸ್ ಟವರ್ ಹಿಡಿಯುವುದುಂಟು. ಹಾಗಾಗಿ ಹೊರಡುವಾಗಲೇ ಡೇಟಾ ರೋಮಿಂಗ್ ಆಫ್ ಮಾಡಿ, ನಕ್ಷೆ ಮತ್ತು ಟಿಕೆಟ್‌ಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಆರೋಗ್ಯದ್ದು ಇದಕ್ಕಿಂತ ಗಂಭೀರ. ಫ್ರಾನ್ಸ್‌ನ ಸರ್ಕಾರಿ ಆರೋಗ್ಯ ವಿಮೆಯ ಅಮೆಲಿ ಖಾತೆಯಿಂದ ತರಿಸಿಕೊಳ್ಳುವ ಯುರೋಪಿಯನ್ ಆರೋಗ್ಯ ವಿಮಾ ಕಾರ್ಡ್ ಇದ್ದರೆ ಜರ್ಮನಿ, ಇಟಲಿಯಲ್ಲಿ ಆಸ್ಪತ್ರೆ ಖರ್ಚಿಗೆ ಆಸರೆ ಇದೆ. ಆದರೆ ಒಕ್ಕೂಟದ ಪ್ರಜೆಗಳಲ್ಲದವರಿಗೆ, ಅಂದರೆ ನಮಗೆ, ಸ್ವಿಟ್ಜರ್‌ಲೆಂಡ್‌ನಲ್ಲಿ ಆ ಕಾರ್ಡ್ ನಡೆಯುವುದಿಲ್ಲ. ಹಿಮದಲ್ಲಿ ಜಾರಿ ಕಾಲು ಮುರಿದರೆ ಬಿಲ್ಲು ನಿಮ್ಮ ಹೆಸರಿಗೇ. ಸ್ವಿಟ್ಜರ್‌ಲೆಂಡ್ ಅಂತ ಸ್ಪಷ್ಟವಾಗಿ ಬರೆದಿರುವ ಪ್ರಯಾಣ ವಿಮೆ ಮಾಡಿಸದೆ ಬೆಟ್ಟದ ಕಡೆ ಹೋಗಲೇಬೇಡಿ.

ಪಾಸ್‌ಪೋರ್ಟ್ ಕಳೆದೀತು ಅನ್ನುವ ಹೆದರಿಕೆಯಿಂದಲೇ ಹೆಚ್ಚಿನವರು ಅದನ್ನು ರೂಮಿನಲ್ಲಿ ಬಿಡುತ್ತಾರೆ. ಹೆದರಿಕೆ ಸರಿಯಾದದ್ದೇ. ಬೆನ್ನಿನ ಬ್ಯಾಗಿನ ಹೊರಜೇಬಿಗೆ ಹಾಕದೆ, ಅಂಗಿಯೊಳಗೆ ಕೊರಳಿಗೆ ಹಾಕಿಕೊಳ್ಳುವ ಚೀಲದಲ್ಲಿಡಿ. ಪಾಸ್‌ಪೋರ್ಟ್, ವೀಸಾ ಪುಟ, ದೃಢೀಕರಣ ಪತ್ರ ಮೂರರ ಸ್ಕ್ಯಾನ್ ಇಮೇಲ್‌ನಲ್ಲಿರಲಿ. ಕಳೆದರೆ ದೂರು ಬರೆಸಲು ಆ ಸಂಖ್ಯೆಗಳು ಬೇಕಾಗುತ್ತವೆ. ಜಿನೀವಾದಲ್ಲಿ ಭಾರತದ ಕಾನ್ಸುಲೇಟ್ ಇದೆ, ಆದರೆ ಶನಿವಾರದ ದಿನ ಪಾಸ್‌ಪೋರ್ಟ್ ಕಳೆದುಹೋದರೆ ಮಾಮೂಲು ಕೆಲಸಗಳಿಗೆ ಸೋಮವಾರದವರೆಗೆ ಕಾಯಬೇಕು. ಕೂಡಲೇ ಅಲ್ಲಿನ ಪೊಲೀಸರಲ್ಲಿ ದೂರು ಬರೆಸಿ ಪ್ರತಿ ಇಟ್ಟುಕೊಳ್ಳಿ.

ವಾಪಸು ಬರುವಾಗ ಜಿನೀವಾದ ಕಾರ್ನವಾಂ ನಿಲ್ದಾಣದಲ್ಲಿ ಫ್ರಾನ್ಸ್ ಕಡೆಯ ರೈಲುಗಳು 7 ಮತ್ತು 8ನೇ ಪ್ಲಾಟ್‌ಫಾರ್ಮ್‌ನಿಂದ ಹೊರಡುತ್ತವೆ, ಅಲ್ಲಿಗೆ ಹೋಗುವುದು ಕಸ್ಟಮ್ಸ್ ದಾರಿಯ ಮೂಲಕ. ಅರ್ಧ ಗಂಟೆ ಮುಂಚೆ ಹೋಗಿ, ಭಾನುವಾರದ ಕೊನೆಯ ರೈಲಿನ ಬದಲು ಅದರ ಹಿಂದಿನದಕ್ಕೆ ಟಿಕೆಟ್ ತೆಗೆಯಿರಿ.