ದೇವರನ್ನು ನಂಬದವನ ಭಾನುವಾರ: ಮೂರು ಕಡೆ ಕೂತು ನೋಡಿದ್ದು

ನಾನು ದೇವರನ್ನು ನಂಬುವವನಲ್ಲ. ಆದರೂ ಬಾಸ್ಟನ್ ಹತ್ತಿರದ ಊರಿಗೆ ಬಂದ ಮೇಲೆ ಚರ್ಚಿನ ಮೆಟ್ಟಿಲು ಹತ್ತಿದೆ. ಆಫೀಸು ಬಿಟ್ಟರೆ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ, ಅಷ್ಟೇ ಕಾರಣ.

ಮೊದಲು ಹೋದದ್ದು ಮನೆ ಪಕ್ಕದ ಮೆಥಡಿಸ್ಟ್ ಚರ್ಚಿಗೆ. ಜನ ಬಂಗಾರ. ಎರಡನೇ ವಾರಕ್ಕೇ ನನ್ನ ಉದ್ದ ಹೆಸರನ್ನು ಸರಿಯಾಗಿ ಹೇಳಲು ಕಲಿತಿದ್ದರು. ತೊಂದರೆ ನನ್ನದೇ. ಎಲ್ಲರೂ ಎದ್ದು ನಿಂತು ‘ನಾನು ನಂಬುತ್ತೇನೆ’ ಎಂದು ಒಟ್ಟಿಗೆ ಹೇಳುವಾಗ ನಾನು ಸುಮ್ನೆ ತುಟಿ ಅಲ್ಲಾಡಿಸುತ್ತಿದ್ದೆ. ಊರಲ್ಲಿ ಸತ್ಯನಾರಾಯಣ ಪೂಜೆಗೆ ಹೋಗಿ ಸಪಾದ ಭಕ್ಷ್ಯ ತಿಂದು ಬಂದವನೇ ನಾನು. ಅಲ್ಲಿ ‘ನಿನಗೆ ನಂಬಿಕೆ ಇದೆಯಾ’ ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಬಾಯಿಬಿಟ್ಟು ಹೇಳಬೇಕು. ಮೂರು ತಿಂಗಳಿಗೆ ಬಿಟ್ಟೆ.

ಆಮೇಲೆ ಆಫೀಸಿನ ಕೆಲಸಕ್ಕೆ ಆರು ತಿಂಗಳು ಲಂಡನ್‌ನಲ್ಲಿದ್ದೆ. ಅಲ್ಲಿ ಕಾನ್ವೇ ಹಾಲ್‌ನಲ್ಲಿ ಸಂಡೇ ಅಸೆಂಬ್ಲಿ ಸೇರುತ್ತಿತ್ತು. 2013ರ ಜನವರಿಯಲ್ಲಿ ಇಬ್ಬರು ಹಾಸ್ಯ ಕಲಾವಿದರು ಶುರು ಮಾಡಿದ್ದು. ಚರ್ಚಿನಂತೆಯೇ ಎಲ್ಲ, ದೇವರೊಬ್ಬ ಇಲ್ಲ. ಪಾಪ್ ಹಾಡು, ಒಂದು ಭಾಷಣ, ಸ್ವಲ್ಪ ಹೊತ್ತು ಮೌನ, ಆಮೇಲೆ ಟೀ, ಕೇಕು. ಮಜಾ ಇತ್ತು, ಸುಳ್ಳು ಹೇಳುವ ಕಷ್ಟವೂ ಇರಲಿಲ್ಲ. ಆದರೆ ಸೇರುತ್ತಿದ್ದದ್ದು ತಿಂಗಳಿಗೆ ಎರಡೇ ಸಲ. ಹೋದಾಗಲೆಲ್ಲ ಹೊಸ ಮುಖಗಳು. ನಾನು ಒಮ್ಮೆ ತಪ್ಪಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ವಾಪಸ್ ಬಂದ ಮೇಲೆ ಸಿಕ್ಕಿದ್ದು ಯೂನಿಟೇರಿಯನ್ ಯೂನಿವರ್ಸಲಿಸ್ಟ್ ಚರ್ಚ್. ಎರಡು ಹಳೆಯ ಕ್ರೈಸ್ತ ಪಂಗಡಗಳು 1961ರಲ್ಲಿ ಕೂಡಿ ಆದದ್ದು. ಕೇಂದ್ರ ಕಚೇರಿ ಬಾಸ್ಟನ್‌ನಲ್ಲೇ ಇದೆ. ಇವರಲ್ಲಿ ಎಲ್ಲರೂ ಒಪ್ಪಲೇಬೇಕಾದ ನಂಬಿಕೆಯ ಪಟ್ಟಿ ಇಲ್ಲ. ನನ್ನ ಬೆಂಚಿನಲ್ಲೇ ಒಬ್ಬರು ಬೌದ್ಧರು, ಒಬ್ಬ ನಾಸ್ತಿಕ ಅಜ್ಜಿ. ಶುರುವಿಗೆ ಒಂದು ಬಟ್ಟಲಲ್ಲಿ ದೀಪ ಹಚ್ಚುತ್ತಾರೆ, ನಮ್ಮ ಸಭೆಗಳ ಹಾಗೇ. ಆಮೇಲೆ ಯಾರು ಬೇಕಾದರೂ ಮುಂದೆ ಹೋಗಿ ತಮ್ಮ ಸುಖ ದುಃಖ ಹೇಳಬಹುದು. ಒಬ್ಬರು ಮೊಮ್ಮಗು ಹುಟ್ಟಿತು ಅಂದರು, ಇನ್ನೊಬ್ಬರು ನಾಯಿ ಸತ್ತಿತು ಎಂದು ಅತ್ತರು.

ಕೊರತೆ ಇಲ್ಲದೆ ಇಲ್ಲ. ಪ್ರವಚನ ಕೆಲವು ವಾರ ಪತ್ರಿಕೆಯ ಸಂಪಾದಕೀಯ ಓದಿದಂತಿರುತ್ತದೆ. ತಲೆ ನರೆತ ಬಿಳಿಯರೇ ಜಾಸ್ತಿ. ವರ್ಷಕ್ಕೆ ಎಷ್ಟು ಕೊಡುತ್ತೀರಿ ಎಂದು ಚೀಟಿ ಬಂದಾಗ ಸಿಟ್ಟೇ ಬಂತು. ಪಾದ್ರಿಯ ಸಂಬಳದಿಂದ ಹಿಡಿದು ಕಟ್ಟಡದ ಹೀಟಿಂಗ್‌ವರೆಗೆ ಸದಸ್ಯರೇ ಹಾಕಬೇಕು, ಮೇಲಿನಿಂದ ಯಾರೂ ಕಳಿಸುವುದಿಲ್ಲ ಎಂದು ಆಮೇಲೆ ತಿಳಿಯಿತು.

ಒಂದು ಫೆಬ್ರವರಿಯಲ್ಲಿ ಮಂಜಿನ ಮೇಲೆ ಜಾರಿ ಕಾಲು ಮುರಿದುಕೊಂಡೆ. ಭಾನುವಾರ ಕಾಣಲಿಲ್ಲ ಎಂದು ಸೋಮವಾರವೇ ಆ ಅಜ್ಜಿಯ ಫೋನ್ ಬಂತು. ವಾರಕ್ಕೆ ಯಾರು ಯಾವತ್ತು ಊಟ ತರಬೇಕು ಎಂದು ಪಟ್ಟಿಯೇ ಆಯಿತು. ಬಾಗಿಲ ಮುಂದಿನ ಹಿಮ ಎತ್ತಿದವರ ಹೆಸರು ಇವತ್ತಿಗೂ ಗೊತ್ತಿಲ್ಲ. ಮೆಥಡಿಸ್ಟರಾಗಿದ್ದರೂ ಇಷ್ಟೇ ಮಾಡುತ್ತಿದ್ದರು, ಅದು ನಿಜ.

ಕನ್ನಡ ಕೂಟ ಇಲ್ವಾ ಅಂತೀರಾ? ಇದೆ. ಯುಗಾದಿ, ಗಣೇಶ ಹಬ್ಬ, ರಾಜ್ಯೋತ್ಸವ ಯಾವುದನ್ನೂ ತಪ್ಪಿಸುವುದಿಲ್ಲ. ಎರಡು ಹಬ್ಬದ ನಡುವಿನ ತಿಂಗಳುಗಳೇ ಉದ್ದ. ಅಲ್ಲಿ ಪರಿಚಯವಾದ ಒಂದು ಮನೆಯವರು ಮಾತ್ರ ವಿಷಯ ತಿಳಿದ ಸಂಜೆಯೇ ಪಟ್ಟಿ ಗಿಟ್ಟಿ ಇಲ್ಲದೆ ಬಿಸಿ ಸಾರು ಅನ್ನ ಹಿಡಿದು ಬಂದರು. ಚರ್ಚಿನವರ ಸೂಪಿಗೆ ಉಪ್ಪೇ ಇರಲಿಲ್ಲ.