ಮರದ ಬೆಂಚೋ, ಕಬ್ಬಿಣದ್ದೋ, ಕಾಂಕ್ರೀಟಿನದ್ದೋ?

ಪಾರ್ಕಿಗೆ ಬೆಂಚು ಹಾಕಿಸಬೇಕು, ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. ಅಲ್ಲಿ ಯಾರು ಕೂರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ ಅನ್ನೋದನ್ನ ಮೊದಲು ನೋಡಿಕೊಳ್ಳಿ.

ಕೂರುವ ಸುಖಕ್ಕೆ ಮರವೇ ಸರಿ. ಮರದಲ್ಲಿ ಶಾಖ ನಿಧಾನವಾಗಿ ಹರಿಯುತ್ತದೆ, ಹಾಗಾಗಿ ಬಿಸಿಲಲ್ಲಿ ಕಬ್ಬಿಣದಷ್ಟು ಸುಡುವುದಿಲ್ಲ, ಚಳಿಯಲ್ಲಿ ಕೊರೆಯುವುದೂ ಇಲ್ಲ. ಮಧ್ಯಾಹ್ನ ಕಬ್ಬಿಣದ ಬೆಂಚಿನ ಮೇಲೆ ಕೂತವರು ಚಟ್ಟನೆ ಎದ್ದು, ಕೈಲಿದ್ದ ಪೇಪರ್ ಹಾಸಿ ಮತ್ತೆ ಕೂರುವುದನ್ನು ನೋಡಿರುತ್ತೀರಿ, ಅಲ್ವಾ? ಕಾಂಕ್ರೀಟು ಸಂಜೆಯಾದರೂ ಬಿಸಿ ಬಿಡುವುದಿಲ್ಲ.

ಬಾಳಿಕೆಯಲ್ಲಿ ಲೆಕ್ಕ ತಿರುಗುತ್ತದೆ. ಕಾಂಕ್ರೀಟಿನದ್ದನ್ನು ಯಾರೂ ಸುಲಭವಾಗಿ ಹೊತ್ತೊಯ್ಯಲಾರರು, ಆದರೆ ಒಡೆದರೆ ರಿಪೇರಿ ಕಷ್ಟ. ಕಬ್ಬಿಣಕ್ಕೆ ಸತುವಿನ ಲೇಪ ಇಲ್ಲದಿದ್ದರೆ ಬೆಸುಗೆ ಹಾಕಿದ ಜಾಗದಿಂದಲೇ ತುಕ್ಕು ಶುರು. ಮರಕ್ಕೆ ಆಗಾಗ ಎಣ್ಣೆ ಬೇಕು. ತೇಗವಾದರೆ ಸುಮ್ನೆ ಬಿಟ್ಟರೂ ಬೂದು ಬಣ್ಣಕ್ಕೆ ತಿರುಗುತ್ತದೆ ಅಷ್ಟೆ, ಬೇಗ ಕೊಳೆಯುವುದಿಲ್ಲ. ಒಂದು ಪಟ್ಟಿ ಮುರಿದರೆ ಅದೊಂದನ್ನೇ ಬದಲಾಯಿಸಬಹುದು, ಇದು ನನಗೆ ತುಂಬಾ ಇಷ್ಟ.

ಖರ್ಚಿನಲ್ಲಿ ಸಾಮಾನ್ಯವಾಗಿ ಕಾಂಕ್ರೀಟೇ ಅಗ್ಗ. ಒಳ್ಳೆ ಮರ ಜಾಸ್ತಿ.

ವಯಸ್ಸಾದವರು ಬರುವ ಜಾಗವಾದರೆ ಮರದ ಬೆಂಚು ಹಾಕಿಸಿ, ಬೆನ್ನಿಗೆ ಆಸರೆ ಇರಲಿ, ಕೈ ಊರಿ ಏಳಲು ಹಿಡಿಯೂ ಇರಲಿ, ಎತ್ತರ ಸುಮಾರು 45 ಸೆಂ.ಮೀ. ಇದ್ದರೆ ಸಾಕು. ಬಸ್ಸಿಗೆ ಐದು ನಿಮಿಷ ಕಾಯುವಲ್ಲಿ, ಮೇಲೆ ನೆರಳಿದ್ದರೆ, ತೂತುಗಳಿರುವ ಕಬ್ಬಿಣದ್ದು ಸಾಕು, ಮಳೆನೀರು ನಿಲ್ಲುವುದಿಲ್ಲ. ನೋಡಿಕೊಳ್ಳುವವರೇ ಇಲ್ಲದ ಕಡೆ ಕಾಂಕ್ರೀಟು, ಅದೂ ಮರದ ನೆರಳಲ್ಲಿ.